ರಂಗೋಲಿ ಬಸ್ಸಿನಲ್ಲಿ ನನ್ನ ಜಾಗ

ನನಗೆ ಜಾಗವಿಲ್ಲದ ಮನೆಯೊಂದನ್ನು ನನ್ನ ಅಂಗಳದಲ್ಲೇ ಬರೆದರು. ಆ ಅಂಗಳಕ್ಕೆ ಬೆಳಿಗ್ಗೆ ಸೆಗಣಿ ಸಾರಿಸಿಕೊಟ್ಟವಳೂ ನಾನೇ. ಇಂಥ ಬುದ್ಧಿಗೇಡಿ ಹೆಂಗಸು ಮಂಗಸೂಳಿ ಊರಿನ ಸುತ್ತ ಇನ್ನೊಬ್ಬಳಿದ್ದರೆ ತೋರಿಸಿರಿ.

ನಾವು ಕುರಿಯವರು. ದೀಪಾವಳಿ ಮುಗಿದರೆ ಕುರಿ ಹೊಡೆದುಕೊಂಡು ಊರೂರು ತಿರುಗುತ್ತೇವೆ. ಇಷ್ಟು ವರ್ಷ ನಮ್ಮ ಮನೆ ಕುದುರೆಯ ಬೆನ್ನ ಮೇಲಿತ್ತು. ನಾಲ್ಕು ಪಾತ್ರೆ, ಒಂದು ಹಾಸಿಗೆ, ಅದರ ಮೇಲೊಂದು ಕೋಳಿ. ಯುಗಾದಿಗೆ ನನ್ನ ಯಜಮಾನರು ಹೋದರು. ಅವರ ಹಿಂದೆಯೇ ನನ್ನ ಮೊಣಕಾಲೂ ಹೋದವು. ಇನ್ನು ಕುದುರೆಯ ಹಿಂದೆ ನಡೆಯಲಾರೆ. ಮಗ ಬಸವಂತ ಒಂದು ಹಳೆಯ ಸ್ಕೂಲ್ ಬಸ್ಸು ತಂದ. ಈ ಸಲ ಇದೇ ನಮ್ಮ ಮನೆ ಅಂದ.

ಒಳಗೆ ಯಾವುದು ಎಲ್ಲಿರಬೇಕು? ನಿಪ್ಪಾಣಿಯಲ್ಲಿ ಗಾಡಿಗಳ ಬಾಡಿ ಕಟ್ಟುವ ಪಾರಿಸ ಟೇಪು ಹಿಡಿದು ಬಂದ. ಕಾಗದದ ನಕ್ಷೆ ನಮ್ಮ ತಲೆಗೆ ಹತ್ತುವುದಿಲ್ಲವೆಂದು ಬಸ್ಸಿನಷ್ಟೇ ಉದ್ದಕ್ಕೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದ.

“ಇದಕ್ಕ ಮೋಟಾರ್ ಹೋಮ್ ಅಂತಾರ್ರಿ, ಆಯಿ.”

“ಹೋಮಾ? ಮತ್ತ ಭಟ್ಟರ ಎಲ್ಲೆದಾರು?”

ಅಷ್ಟರಲ್ಲಿ ಸೊಸೆ ಸೋನಾಲಿಯ ತಾಯಿ, ನನ್ನ ಬೀಗತಿ, ಸುಂದ್ರವ್ವ ರಾಯಬಾಗದಿಂದ ಬಂದಳು. ಬಂದವಳೇ ಅಡಿಗೆಮನೆಯ ಗೋಡೆಯನ್ನು ಸೀಳಿಕೊಂಡು ಒಳಗೆ ನಡೆದಳು.

“ಯವ್ವಾ, ಅಲ್ಲಿ ಗ್ವಾಡಿ ಐತಿ! ಬಾಗಲದಾಗಿಂದ ಬಾ!” ಸೋನಾಲಿ ಕೂಗಿದಳು.

ಸುಂದ್ರವ್ವ ಹಿಂದೆ ಸರಿದಳು. ಸುತ್ತುಹಾಕಿ, ಸೀರೆ ಎತ್ತಿಕೊಂಡು, ಇಲ್ಲದ ಮೆಟ್ಟಿಲು ಹತ್ತಿ ಒಳಗೆ ಬಂದು ಒಂದು ಮೂಲೆಯಲ್ಲಿ ಎಲೆಯಡಿಕೆ ಬಿಚ್ಚಿ ಕುಳಿತಳು.

“ಅಲ್ಲಿ ಕುಂದ್ರಬ್ಯಾಡ್ರಿ, ಅದು ಸಂಡಾಸ!” ಅಂದ ಪಾರಿಸ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಾನು ಮಂಚ ನೋಡುತ್ತಿದ್ದೆ. ಹಿಂದೆ ಒಂದು ದೊಡ್ಡ ಮಂಚ. ಅದು ಗಂಡ ಹೆಂಡತಿಗೆ. ಪಕ್ಕದಲ್ಲಿ ಮೊಮ್ಮಗಳು ಕೋಮಲಳಿಗೆ ಸಣ್ಣದು. ಒಲೆ. ಸಂಡಾಸ. ಬಾಗಿಲ ಬಳಿ ಒಂದು ಖಾಲಿ ಚೌಕ. ಮುಗಿಯಿತು. ನನ್ನನ್ನು ಎಲ್ಲಿ ಇಡುತ್ತಾರೆ? ಕೇಳಲು ಹೋಗಲಿಲ್ಲ. (ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.)

ಆಗ ಪಾರಿಸ ಫೋನ್ ಹಚ್ಚಿ ತನ್ನ ಗ್ಯಾರೇಜಿಗೆ ಕೂಗಿ ಹೇಳಿದ: “ಆಯಿ ಆತ! ಬಾಕೀಚೆ ಬಾಹೇರ!”

ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಆತ ಅಂದರೆ ಮುಗಿಯಿತು. ಅಜ್ಜಿಯ ಕತೆ ಮುಗಿಯಿತು! ಅದನ್ನು ಫೋನಿನಲ್ಲಿ ನಿಪ್ಪಾಣಿಗೂ ತಿಳಿಸಿಯಾಯಿತು!

ಕೈಯಲ್ಲಿದ್ದ ಕಸಬರಿಗೆ ಎಸೆದೆ. ಖಾಲಿ ಚೌಕದ ನಟ್ಟನಡುವೆ ಹೋಗಿ ಕುಳಿತೆ.

“ನಾ ಏಳೂದಿಲ್ಲ. ಇದ ನನ್ನ ಜಾಗಾ.”

“ಯವ್ವಾ, ಅದು ನಿಂದಲ್ಲ, ಕೇಳಿಲ್ಲೆ...” ಅಂದ ಬಸವಂತ.

“ಗೊತ್ತೈತಿ ಬಿಡಪಾ. ಸಂಡಾಸಕ್ಕ ಜಾಗಾ ಐತಿ, ಹಡದಾಕಿಗಿಲ್ಲ!”

“ಅತ್ತಿ, ಒಂದೀಟ ಕೇಳ್ರೆಲಾ,” ಅಂದಳು ಸೋನಾಲಿ.

“ನೀ ಸುಮ್ಮನಿರ. ದೊಡ್ಡ ಮಂಚದ ಮ್ಯಾಲ ನೀ ಕಾಲ ಚಾಚ. ಮಲ್ಲಯ್ಯನ ಆಣಿ, ಇದೊಂದು ಬಿಟ್ಟು ಬ್ಯಾರೆ ಕಡೆ ನಾ ಮಲಗೂದಿಲ್ಲ!” ಸೊಂಟದ ಚೀಲದಿಂದ ಮಲ್ಲಯ್ಯನ ಅರಿಸಿನ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡೇಬಿಟ್ಟೆ. ಭಂಡಾರ ಮುಟ್ಟಿದ ಆಣೆ. ಇನ್ನು ಅದನ್ನು ಮುರಿಯುವಂತಿಲ್ಲ.

“ಪಾರಿಸಾ, ಅಳತಿ ತಗೋ.” ಅಲ್ಲೇ ಮಲಗಿದೆ.

ಪಾರಿಸ ನನ್ನ ಸುತ್ತ ಗೆರೆ ಎಳೆಯುತ್ತ ಬಂದವನು ನಿಂತ. “ಆಯಿ, ಬಲಗಡೆ ಇಷ್ಟೊಂದು ಬಿಟ್ಟೀರಲಾ. ಅಲ್ಲಿ ಯಾರು?”

ನೋಡಿದೆ. ಎಡಗಡೆಯ ಅಂಚಿಗೆ ಮಲಗಿದ್ದೆ. ಮದುವೆಯಾದಾಗಿನಿಂದ ಬಯಲಿನಲ್ಲಿ ಹಾಗೇ ಮಲಗಿದವಳು. ಒಲೆಯ ಕಡೆಗೆ ನಾನು, ಕುರಿಯ ಕಡೆಗೆ ಯಜಮಾನರು, ಕಂಬಳಿಯನ್ನೆಲ್ಲ ತಮ್ಮ ಕಡೆಗೆ ಎಳೆದುಕೊಂಡು.

ಸುಂದ್ರವ್ವ ಎಲೆ ಜಗಿಯುವುದನ್ನು ನಿಲ್ಲಿಸಿದಳು.

“ಅಳತಿ ಹಂಗ ಇರ್ಲಿ,” ಅಂದ ಬಸವಂತ, ಬೇರೆಲ್ಲೋ ನೋಡುತ್ತ.

ಸ್ವಲ್ಪ ಹೊತ್ತಿಗೆ ಸೋನಾಲಿ ಚಹಾ ತಂದು ಪಕ್ಕದಲ್ಲಿ ಕುಳಿತಳು. “ಈಗರ ಕೇಳ್ತೀರೇನ್ರಿ? ಆ ದೊಡ್ಡ ಮಂಚ ನಿಮ್ದು. ಸ್ಪಂಜಿನ ಗಾದಿ ಹೇಳಿದ್ವಿ. ನಾವಿಬ್ರೂ ಹೊರಗ ಕುರಿ ಕಾಯಾವ್ರು. ತ್ವಾಳ ಬಂದ್ರ ಬಸ್ಸಿನ ಕಿಡಕ್ಯಾಗಿಂದ ನೋಡ್ಕೋಂತ ಮಲಗೂನೇನು?”

“ಮತ್ತ ಆಯಿ ಆತ ಅಂದ್ನಲ್ಲ ಇಂವಾ?”

“ಮರಾಠೀದಾಗ ಅಂದೇನ್ರಿ,” ಅಂದ ಪಾರಿಸ. “ಆತ ಅಂದ್ರ ಒಳಗ. ಆಯಿ ಒಳಗ, ಉಳದಾವ್ರು ಹೊರಗ.”

ನನಗೆ ಮರಾಠಿ ಬರುವುದಿಲ್ಲವೆಂದಲ್ಲ. ಮಿರಜಿನ ಸಂತೆಯಲ್ಲಿ ಮರಾಠಿಯಲ್ಲೇ ಜಗಳಾಡಿದ್ದೇನೆ. ಆದರೆ ಹೆದರಿದ ಕಿವಿಗೆ ಒಂದೇ ಭಾಷೆ ಬರುತ್ತದೆ.

“ಹಂಗಾದ್ರ ಈ ಚೌಕ ಯಾರದು?”

“ನಡೀಲಾರದ ಸಣ್ಣ ಮರಿಗೋಳ್ದ್ರಿ,” ಅಂದಳು ಸೋನಾಲಿ.

ಈಗ ನಮ್ಮ ಬಸ್ಸು ಸತ್ತಿ ಎಂಬ ಹಳ್ಳಿಯ ಹೊಳೆದಂಡೆಯಲ್ಲಿ ನಿಂತಿದೆ. ಎರಡು ದಿನಕ್ಕೆಂದು ಬಂದ ಸುಂದ್ರವ್ವ ಸ್ಪಂಜಿನ ಗಾದಿಯ ಮೇಲೆ ಅಡ್ಡಾಗಿದ್ದಾಳೆ. ಊರಿನ ಹೆಸರೇ ಎತ್ತುವುದಿಲ್ಲ. “ಆಣಿ ನೀ ಮಾಡಿದ್ದು, ನಾ ಮಾಡಿಲ್ಲವ್ವಾ,” ಅನ್ನುತ್ತಾಳೆ.

ನಾನು ಬಾಗಿಲ ಬಳಿ, ಎಡ ಅಂಚಿಗೆ. ಬಲಗಡೆ ಮರಿಗಳು. ಅದರಲ್ಲಿ ಒಂದು ಕರಿಯದು ಯಜಮಾನರ ಕಂಬಳಿಯನ್ನು ಪೂರಾ ತನ್ನ ಅಡಿಗೇ ಎಳೆದುಕೊಳ್ಳುತ್ತದೆ, ಸಾಲದ್ದಕ್ಕೆ ಒದೆಯುತ್ತದೆ. ನಾನು ಬಿಡುವವಳಲ್ಲ. ಗದರುತ್ತೇನೆ.

“ಸರೀರೆಲಾ ಅತ್ತಾಗ! ಕಂಬಳಿ ನಿಮ್ಮೊಬ್ಬರದೇನ್ರಿ?”

ಹಿಂದಿನ ಮಂಚದಿಂದ ಸುಂದ್ರವ್ವ ಕಿಸಕ್ಕನೆ ನಗುತ್ತಾಳೆ. “ಬೀಗತಿ, ಕುರಿಮರಿಗೆ ‘ರಿ’ ಹಚ್ಚಿ ಬೈಯಾಕಿ ನೀ ಒಬ್ಬಾಕಿನ ನೋಡ!”