ಆಷಾಢದಲ್ಲಿ ನೋಡಿದ ಗಾಡಿ

ತಿಳಿದವನು ತನಗೆ ತಿಳಿದಿದೆ ಎಂದು ಹೇಳಿಕೊಳ್ಳಬಾರದು ಎನ್ನುವ ನಂಬಿಕೆ ನಮ್ಮ ಜನರಲ್ಲಿದೆ. ಇದನ್ನು ಹುಟ್ಟುಹಾಕಿದವರು ಏನೂ ತಿಳಿಯದವರೇ ಇರಬೇಕೆಂದು ನನ್ನ ಗುಮಾನಿ. ಹಳೆಯ ವಾಹನವನ್ನು ಪರೀಕ್ಷಿಸುವ ವಿಚಾರದಲ್ಲಿ ನನಗೆ ಅಂಥ ಸಂಕೋಚವೇನೂ ಇಲ್ಲ. ನಾನು ಕೆಲಸ ಮಾಡುತ್ತಿದ್ದದ್ದು ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಬೇರೆಯವರು ಬೆವರು ಸುರಿಸಿ ಮಾಡಿದ ವಸ್ತುವಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಸಂಜೆ ಜಯನಗರದ ಮನೆಗೆ ಬಂದ ಮೇಲೂ ಆ ಅಭ್ಯಾಸ ಬಿಡುತ್ತಿರಲಿಲ್ಲ. ಹುಳಿಗೆ ಉಪ್ಪು ಎಷ್ಟು ಬಿದ್ದಿದೆ, ದೇವರ ಮನೆಯ ಬಾಗಿಲು ಯಾವ ಕಡೆ ಇಳಿದಿದೆ ಎಂದು ಹೇಳುತ್ತಲೇ ಇರುತ್ತಿದ್ದೆ. "ಫ್ಯಾಕ್ಟರೀಲಿ ಇದಕ್ಕೆ ಸಂಬಳ ಕೊಡ್ತಾರೆ, ಸರಿ. ಇಲ್ಲಿ ಊಟ ಹಾಕೋದೇ ಹೆಚ್ಚು" ಎನ್ನುತ್ತಿದ್ದಳು ನನ್ನ ಹೆಂಡತಿ ವಿಮಲಾ. ಮನೆಯಲ್ಲಿ ಹೀಗಿದ್ದರೂ ಬೀದಿಯಲ್ಲಿ ನನಗೆ ಬೆಲೆಯಿತ್ತು. ನಮ್ಮ ರಸ್ತೆಯಲ್ಲಿ ಯಾರೇ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲಿ, ಮೊದಲು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ನಾನು ಜೇಬಿನಿಂದ ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತೆಗೆದು ಗಾಡಿಯ ಮೈಮೇಲೆ ಮೆಲ್ಲಗೆ ಆಡಿಸಿಕೊಂಡು ಹೋಗುತ್ತಿದ್ದೆ. ಎಲ್ಲಿ ಅದು ಅಂಟುವುದಿಲ್ಲವೋ ಅಲ್ಲಿ ಗಾಡಿ ಒಮ್ಮೆ ಗುದ್ದಿಸಿಕೊಂಡು ಪುಟ್ಟಿ ಮೆತ್ತಿಸಿಕೊಂಡಿದೆ ಎಂದರ್ಥ. ಮಾರುವವನ ಮುಖ ಆಗ ಸಣ್ಣಗಾಗುವುದನ್ನು ನೋಡುವುದು ಒಂದು ಸುಖ.

ಊರಿಗೆಲ್ಲ ಗಾಡಿ ನೋಡಿಕೊಡುತ್ತಿದ್ದ ನಾನು ನಮಗಾಗಿ ನೋಡಬೇಕಾಗಿ ಬಂದದ್ದು ಅಮ್ಮನ ಮಂಡಿಗಳಿಂದ. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಫ್ಲೈಓವರ್‌ಗೆಂದು ರಸ್ತೆ ಅಗೆಯುತ್ತಿದ್ದ ಕಾಲ ಅದು. ನಮ್ಮದು ಪುಟ್ಟ ಕಾರು. ಅದರ ಸೀಟು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅಮ್ಮ ಕೂರುವಾಗ ಅರ್ಧ ದಾರಿಯಿಂದ ಕೆಳಕ್ಕೆ ಬಿದ್ದೇ ಬಿಡುತ್ತಿದ್ದರು. ಏಳುವುದಂತೂ ಕೇಳಲೇಬೇಡಿ. ಚಿಕ್ಕಲಸಂದ್ರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೋದಾಗ ನಾನು ಮುಂದಿನಿಂದ ಕೈ ಹಿಡಿದು ಎಳೆದೆ, ವಿಮಲಾ ಹಿಂದಿನಿಂದ ತಳ್ಳಿದಳು, ಆ ಮನೆಯ ಬೀಗರ ಕಡೆಯವರು ಸುತ್ತ ನಿಂತು "ಎಡಗಾಲು ಮೊದಲು ಇಡಿ, ಹಾಂ, ಈಗ ತಲೆ ಬಗ್ಗಿಸಿ" ಎಂದು ನಿರ್ದೇಶನ ಕೊಟ್ಟರು. ಅಮ್ಮ ಇಳಿದರು, ಊಟ ಮಾಡಿದರು, ಮನೆಗೆ ಬಂದರು. ಬಂದ ಮೇಲೆ ಹೇಳಿದರು: "ಅಕ್ಕಿ ಮೂಟೆ ಇಳಿಸಿದ ಹಾಗೆ ಇಳಿಸಿದ್ರಲ್ಲೋ ನನ್ನ, ಅಷ್ಟು ಜನದ ಮುಂದೆ. ಇನ್ನು ನಾನು ಎಲ್ಲಿಗೂ ಬರಲ್ಲ." ಹೇಳಿದ ಹಾಗೇ ನಡೆದುಕೊಂಡರು. ಹಬ್ಬ, ನಾಮಕರಣ, ಸೀಮಂತ ಒಂದಕ್ಕೂ ಹೊಸ್ತಿಲು ದಾಟಲಿಲ್ಲ. ಅಷ್ಟರಲ್ಲಿ ಅಮ್ಮನ ಒಬ್ಬನೇ ತಮ್ಮನ ಮೊಮ್ಮಗಳ ಮದುವೆ ಶ್ರಾವಣದಲ್ಲಿ ನಿಶ್ಚಯವಾಯಿತು. ಅಮ್ಮ ಆ ಹುಡುಗಿಯನ್ನು ಎತ್ತಿ ಆಡಿಸಿದವರು. "ನೀವು ಹೋಗಿಬನ್ನಿ, ನಾನು ಇಲ್ಲಿಂದಲೇ ಅಕ್ಷತೆ ಹಾಕ್ತೀನಿ" ಎಂದು ಅಡುಗೆಮನೆಯ ಕಡೆ ಮುಖ ಮಾಡಿಕೊಂಡು ಹೇಳಿದರು. ನನಗೆ ಸಂಕಟವಾಯಿತು. ಅಮ್ಮ ತಾವೇ ಹತ್ತಿ ತಾವೇ ಇಳಿಯುವಂಥ ಗಾಡಿಯೊಂದನ್ನು ಮದುವೆಯೊಳಗೆ ಮನೆಗೆ ತರಬೇಕೆಂದು ಅವತ್ತೇ ನಿರ್ಧರಿಸಿದೆ.

ನನ್ನ ಸಿದ್ಧಾಂತ ಸರಳವಾಗಿತ್ತು. ಮಂಡಿ ನೋವಿನವರಿಗೆ ಕುಸಿದು ಕೂರುವ ಸೀಟಿಗಿಂತ ಹತ್ತಿ ಕೂರುವ ಸೀಟು ಮೇಲು. ಅಂದರೆ ಎಸ್‌ಯುವಿ. ಅದೂ ಕುಟುಂಬಕ್ಕೆಂದೇ ಮಾಡಿದ, ಹಿಂದೆ ಕೂತವರಿಗೂ ಏಸಿ ಬರುವ, ಗುಂಡಿಗಳು ಹೊಟ್ಟೆಗೆ ತಿಳಿಯದಂಥ ಐಷಾರಾಮಿ ಎಸ್‌ಯುವಿ. ಹೊಸದನ್ನು ನೋಡಲು ಶೋರೂಮಿಗೂ ಹೋದೆ. ಅಲ್ಲಿ ಟೈ ಕಟ್ಟಿದ್ದ ಹುಡುಗ ಬೆಲೆ ಹೇಳಿದಾಗ ನಾನು ಗಂಭೀರವಾಗಿ ತಲೆಯಾಡಿಸಿ, ಬಣ್ಣ ಯಾಕೋ ಸರಿಯಿಲ್ಲ ಎಂದು ಹೇಳಿ ಕೊಟ್ಟ ಕಾಫಿ ಕುಡಿದು ಬಂದೆ. ಹಳೆಯದೇ ನಮಗೆ ಸರಿ ಎಂದು ವಿಮಲಾಳಿಗೆ ವಿವರಿಸಿದೆ. ಮೊದಲ ಮಾಲೀಕನ ಕೈಯಲ್ಲಿ ಗಾಡಿಯ ಚೇಷ್ಟೆಗಳೆಲ್ಲ ಕಳೆದಿರುತ್ತವೆ, ಉಳಿದದ್ದು ನನ್ನ ಕಣ್ಣು ತಪ್ಪಿಸುವುದಿಲ್ಲ ಎಂದೆ. ಅವಳು, "ನಿಮ್ಮ ಕಣ್ಣಿನ ವಿಷಯ ಗೊತ್ತು. ತಿಂಡಿ ಡಬ್ಬ ಇಡೋಕೆ ಜಾಗ ಇದೆಯಾ ನೋಡಿ" ಎಂದಳು.

ಪದ್ಮನಾಭನಗರದಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಿದ್ದ ಪ್ರಭಾಕರ್ ಎಂಬವರು ಅಂಥದ್ದೇ ಒಂದು ಗಾಡಿಯನ್ನು ಮಾರುತ್ತಾರೆ ಎಂದು ಗೊತ್ತಾಗಿ ಒಂದು ಭಾನುವಾರ ಹೋದೆ. ಕಾರ್‌ಶೆಡ್ಡಿನಲ್ಲಿ ಮುತ್ತಿನ ಬಣ್ಣದ ಗಾಡಿ ಕಾಲು ಚಾಚಲು ಜಾಗವಿಲ್ಲದ ಹಾಗೆ ನಿಂತಿತ್ತು. ಪ್ರಭಾಕರ್ ಸಾಧು ಮನುಷ್ಯ. ವ್ಯಾಪಾರ ಕೈಹಿಡಿದ ಖುಷಿಯಲ್ಲಿ ತೆಗೆದುಕೊಂಡಿದ್ದರಂತೆ. "ಮನೇಲಿ ಯಾರೂ ಹತ್ತಲ್ಲ ಸಾರ್. ನಮ್ಮಮ್ಮ ಇದನ್ನ ಲಾರಿ ಅಂತಾರೆ. ಅಂಗಡಿಗೆ ನಾನು ಬೈಕಲ್ಲೇ ಹೋಗ್ತೀನಿ. ಸುಮ್ನೆ ನಿಲ್ಲಿಸ್ಕೊಂಡು ಏನ್ ಮಾಡೋದು" ಎಂದರು. ಅವರ ತಾಯಿ ಗೌರಮ್ಮನವರು ಜಗಲಿಯ ಮೇಲೆ ಕೂತು ಹುರುಳಿಕಾಯಿ ಸೋಸುತ್ತಿದ್ದರು. ನಾನು ಕೆಲಸ ಶುರು ಮಾಡಿದೆ. ಅಯಸ್ಕಾಂತ ಆಡಿಸಿದೆ. ಬಾನೆಟ್ ಎತ್ತಿಸಿ ಆಯಿಲ್ ಕಡ್ಡಿ ಎಳೆದು ಮೂಸಿದೆ. ಒಳಗಿನ ಕಾರ್ಪೆಟ್ ಎತ್ತಿ ತೇವವಿದೆಯೇ ಎಂದು ಕೈಯಿಟ್ಟೆ. ರಸ್ತೆಗೆ ತೆಗೆದುಕೊಂಡು ಹೋಗಿ ಬೇಕೆಂದೇ ಹಂಪುಗಳ ಮೇಲೆ ಹಾರಿಸಿದೆ. ನಿಜ ಹೇಳಬೇಕೆಂದರೆ ಗಾಡಿ ಬಂಗಾರದಂತಿತ್ತು. ಆದರೆ ಬೆಲೆ ಮಾತಾಡುವ ಮುನ್ನ ಹಾಗೆ ಹೇಳುವವನು ಇನ್‌ಸ್ಪೆಕ್ಟರನಲ್ಲ. ಟೈರು ಒಂದು ಕಡೆ ಸವೆದಿದೆ, ಏಸಿಯಿಂದ ಮುಗ್ಗಲು ವಾಸನೆ ಬರುತ್ತದೆ, ಸನ್‌ರೂಫ್ ಎನ್ನುವುದು ನಮ್ಮ ಬಿಸಿಲಿಗೂ ಧೂಳಿಗೂ ಆಗಿಬರುವುದಿಲ್ಲ, ಸೀಟಿನ ಲೆದರ್ ಬೆಣ್ಣೆ ಬಣ್ಣದ್ದು, ಎಣ್ಣೆ ಹಚ್ಚಿದ ತಲೆ ತಾಗಿದರೆ ಹೋಯಿತು ಎಂದು ಸಂಜೆಯವರೆಗೆ ಹೇಳಿದೆ. ಪ್ರಭಾಕರ್ ಪ್ರತಿ ದೋಷಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತ ಬಂದು, ಕೊನೆಗೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಗೇ ಒಪ್ಪಿದರು.

ಅಡ್ವಾನ್ಸ್ ಕೊಡಲು ಜೇಬಿಗೆ ಕೈಹಾಕಿದೆ. ಜಗಲಿಯಿಂದ ಗೌರಮ್ಮನವರು, "ಇವತ್ತು ಅಮಾವಾಸ್ಯೆ, ಬ್ಯಾಡಪ್ಪ" ಎಂದರು. ಸರಿ, ನಾಳೆ ಬರುತ್ತೇನೆ ಎಂದೆ. "ನಾಳೆಯಿಂದ ಆಷಾಢ" ಎಂದರು. ಆಷಾಢದಲ್ಲಿ ನಮ್ಮ ಮನೆಯಲ್ಲಿ ಒಂದು ಪೊರಕೆಯನ್ನೂ ಕೊಳ್ಳುವುದಿಲ್ಲ. ಅವರ ಮನೆಯಲ್ಲಿ ಏನನ್ನೂ ಆಚೆಗೆ ಕೊಡುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ ಅಂತ. ಕೊಳ್ಳದವನು, ಕೊಡದವನು ಇಬ್ಬರೂ ಸೇರಿದರೆ ವಾದವೇ ಇರುವುದಿಲ್ಲ. ಶ್ರಾವಣದ ಮೊದಲ ದಿನವೇ ಅಡ್ವಾನ್ಸ್, ಪೂಜೆ ಎಲ್ಲ ಎಂದು ಬಾಯಿಮಾತಿನಲ್ಲಿ ಮುಗಿಸಿದೆವು. ಮದುವೆಗೆ ಅದಾದ ಮೇಲೂ ಒಂದು ವಾರ ಇತ್ತು. "ಬೇಜಾರಾದಾಗ ಬಂದು ಗಾಡಿ ನೋಡ್ಕೊಂಡು ಹೋಗಿ ಸಾರ್, ನಿಮ್ದೇ ಅಲ್ವಾ" ಎಂದರು ಪ್ರಭಾಕರ್. ಆ ಒಂದು ಮಾತನ್ನು ಅವರು ಆಡಬಾರದಿತ್ತು. ಅಥವಾ ನಾನು ಅದನ್ನು ಅಷ್ಟು ನಂಬಬಾರದಿತ್ತು.

ನನ್ನದೇ ಆದ ಗಾಡಿಯಲ್ಲಿ ನನಗೆ ದೋಷ ಕಾಣಿಸುವುದು ಹೇಗೆ? ಆಷಾಢದ ಭಾನುವಾರಗಳಲ್ಲೆಲ್ಲ ತಿಂಡಿ ಮುಗಿಸಿ ಸೀದಾ ಪದ್ಮನಾಭನಗರಕ್ಕೆ ಹೋಗುತ್ತಿದ್ದೆ. ಪಾಪ, ಪ್ರಭಾಕರ್‌ಗೆ ತಮ್ಮ ಗಾಡಿಯಲ್ಲಿ ಏನಿದೆ ಎಂದೇ ತಿಳಿದಿರಲಿಲ್ಲ. ಮಧ್ಯದ ಸೀಟು ಹಿಂದೆ ಮುಂದೆ ಜಾರುತ್ತದೆ ಎಂದು ನಾನೇ ತೋರಿಸಿದೆ. ಕೊನೆಯ ಸಾಲಿನ ಸೀಟು ಮಡಚಿದರೆ ಡಿಕ್ಕಿಯಲ್ಲಿ ಒಂದು ಮದುವೆಯ ಸಾಮಾನು ಹಿಡಿಯುತ್ತದೆ ಎಂದು ಮಡಚಿ ತೋರಿಸಿದೆ. ಚಕ್ರದ ಅಲೈನ್‌ಮೆಂಟ್ ಸರಿಪಡಿಸಿದರೆ ಟೈರು ಒಂದೇ ಕಡೆ ಸವೆಯುವುದು ನಿಲ್ಲುತ್ತದೆ, ಏಸಿಯ ಜಾಲರಿ ತೊಳೆದರೆ ವಾಸನೆ ಹೋಗುತ್ತದೆ ಎಂದೆ. ಅಷ್ಟಕ್ಕೆ ಬಿಡದೆ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದೆ, ಜಾಲರಿಯನ್ನು ನಾನೇ ತೊಳೆದೆ. "ಇಂಥ ಗಾಡಿ ಇನ್ನು ಮಾಡಲ್ಲ ಪ್ರಭಾಕರ್. ಸಂಸಾರಸ್ಥರಿಗೆ ಅಂತಲೇ ಯೋಚನೆ ಮಾಡಿ ಮಾಡಿದ್ದಾರೆ" ಎಂದು ಎರಡನೆಯ ಲೋಟ ಕಾಫಿ ಕುಡಿಯುತ್ತ ಹೇಳಿದ ನೆನಪಿದೆ. ಅವರು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಕೇಳುವವರು ಸಿಕ್ಕಿದರೆ ನನಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಒಂದು ಭಾನುವಾರ, ಅಲ್ಲಿ ನೋಡುವುದಕ್ಕೆ ಜನ ಇರುವುದಿಲ್ಲ ಎಂದು ಅಮ್ಮನನ್ನು ಬಹಳ ಪುಸಲಾಯಿಸಿ ಆಟೋದಲ್ಲಿ ಕರೆದುಕೊಂಡು ಹೋದೆ. ಮುಖ್ಯ ಪರೀಕ್ಷೆ ಅದೇ ತಾನೆ. ಅಮ್ಮ ಗಾಡಿಯ ಬಾಗಿಲ ಮುಂದೆ ನಿಂತು ಅದನ್ನು ಮೇಲೆ ಕೆಳಗೆ ನೋಡಿದರು. ನಾನು ತೋಳು ಹಿಡಿಯಲು ಹೋದಾಗ ಕೈ ಕೊಡವಿದರು. "ಒಂದು ಕಾಲುಮಣೆ ಇದ್ರೆ ಕೊಡಿ" ಎಂದು ಗೌರಮ್ಮನವರನ್ನು ಕೇಳಿದರು. ಮಣೆಯ ಮೇಲೆ ನಿಂತು, ಗಾಡಿಗೆ ಬೆನ್ನು ತಿರುಗಿಸಿ, ಸೀಟಿನ ಅಂಚಿಗೆ ಮೊದಲು ಕೂತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತೆಗೆದುಕೊಂಡರು. ಸೀರೆಯ ನೆರಿಗೆ ಕೂಡ ಕೆಡಲಿಲ್ಲ. ಇಳಿಯುವಾಗ ಅದನ್ನೇ ಹಿಂದುಮುಂದಾಗಿ ಮಾಡಿದರು. ಇಷ್ಟು ವರ್ಷ ಇನ್‌ಸ್ಪೆಕ್ಷನ್ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಜಗಲಿಯಿಂದ ಎದ್ದು ಬಂದ ಗೌರಮ್ಮನವರು, "ಇನ್ನೊಂದ್ ಸಲ ಹತ್ತಿ ನೋಡನ" ಎಂದರು. ಅಮ್ಮ ಮತ್ತೆ ಹತ್ತಿದರು. ಆಮೇಲೆ ಗೌರಮ್ಮನವರು ಹತ್ತಿದರು. ಆಮೇಲೆ ಇಬ್ಬರೂ ಒಳಗೇ ಕೂತು ಏಸಿ ಹಾಕಿಸಿಕೊಂಡು ತಮ್ಮ ತಮ್ಮ ಮಂಡಿಗಳ ಚರಿತ್ರೆ ಹೇಳಿಕೊಂಡರು. ನಾನು, ಪ್ರಭಾಕರ್ ಹೊರಗೆ ಬಿಸಿಲಲ್ಲಿ ನಿಂತಿದ್ದೆವು. ನನಗೆ ಬಹಳ ಹೆಮ್ಮೆಯಾಗಿತ್ತು.

ಭೀಮನ ಅಮಾವಾಸ್ಯೆಯ ದಿನ ವಿಮಲಾ ಪದ್ಧತಿಯಂತೆ ನನ್ನ ಪಾದಪೂಜೆ ಮಾಡಿದಳು. ಹೂವು ಏರಿಸಿ ತಲೆಯೆತ್ತಿ, "ರೀ, ಅವರ ಗಾಡೀನ ಅವರ ಮುಂದೇನೇ ಇಷ್ಟೊಂದು ಹೊಗಳ್ತೀರಲ್ಲ, ನಾಳೆ ಅವರು ಬೆಲೆ ಏರಿಸಿದ್ರೆ?" ಎಂದಳು. ಕಾಲು ಹಿಡಿದುಕೊಂಡು ಕೇಳಿದ ಪ್ರಶ್ನೆಗೆ ಕೋಪಿಸಿಕೊಳ್ಳುವುದು ಕಷ್ಟ. ಪ್ರಭಾಕರ್ ಒಮ್ಮೆ ಆಡಿದ ಬೆಲೆಯಿಂದ ಕದಲುವ ಮನುಷ್ಯನಲ್ಲ, ಜನರನ್ನು ಅಳೆಯುವುದೂ ನನಗೆ ಗೊತ್ತು ಎಂದೆ. ಪ್ರಭಾಕರ್ ವಿಷಯದಲ್ಲಿ ನನ್ನ ಅಳತೆ ಸರಿಯಾಗಿಯೇ ಇತ್ತು. ಅವರು ಬೆಲೆ ಏರಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ, ಒಂದು ಮಾರು ಸೇವಂತಿಗೆ ಹೂವು, ಅಡ್ವಾನ್ಸ್ ಎಲ್ಲ ತೆಗೆದುಕೊಂಡು ಹೋದೆ. ಗಾಡಿ ಗೇಟಿನ ಹೊರಗೆ ನಿಂತಿತ್ತು. ಅದಕ್ಕೆ ಆಗಲೇ ಮಲ್ಲಿಗೆ ಹಾರ ಬಿದ್ದಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ನನಗಾಗಿ ಇಷ್ಟೆಲ್ಲ ತಯಾರಿ ಮಾಡಿದ್ದಾರಲ್ಲ ಎಂದು ಕ್ಷಣಕಾಲ ಕಣ್ಣು ಒದ್ದೆಯಾಯಿತು. ಪ್ರಭಾಕರ್ ಕೈ ಹಿಸುಕಿಕೊಳ್ಳುತ್ತ ಬಂದರು. "ಸಾರ್, ತಪ್ಪು ತಿಳ್ಕೋಬೇಡಿ. ಅಮ್ಮ ಮೊನ್ನೆಯಿಂದ ಗಾಡಿ ಕೊಡಬೇಡ ಅಂತ ಹಿಡ್ಕೊಂಡಿದ್ದಾರೆ. ಬೆಳಿಗ್ಗೆ ಬನಶಂಕರಿ ದೇವಸ್ಥಾನಕ್ಕೂ ಹೋಗ್ಬಂದ್ರು, ತಾವೇ ಹತ್ತಿ, ತಾವೇ ಇಳಿದು. ನನಗೂ ಅನ್ಸುತ್ತೆ ಸಾರ್, ನೀವೇ ಹೇಳಿದ್ರಲ್ಲ, ಇಂಥ ಗಾಡಿ ಇನ್ನು ಮಾಡಲ್ಲ ಅಂತ." ನಾನು ಅದಕ್ಕೆ ಏನು ಹೇಳಲಿ? ಇಲ್ಲ, ಟೈರು ಸವೆದಿದೆ ಎನ್ನಲೇ? ಟೈರು ಸರಿಮಾಡಿಸಿದವನು ನಾನೇ. ವಾಸನೆ ಎನ್ನೋಣವೆಂದರೆ ಜಾಲರಿ ತೊಳೆದವನೂ ನಾನೇ. ಬೆಲೆ ಕುದುರುವ ತನಕ ದೋಷ ಹೇಳಬೇಕೆಂದು ಗೊತ್ತಿದ್ದ ನನಗೆ, ದುಡ್ಡು ಕೈಬದಲಾಗುವ ತನಕ ಬಾಯಿ ಮುಚ್ಚಿಕೊಂಡಿರಬೇಕೆಂದು ಗೊತ್ತಿರಲಿಲ್ಲ. ತಂದ ಸೇವಂತಿಗೆಯನ್ನು ಅದೇ ಗಾಡಿಗೆ ಹಾಕಿ, ಅವರು ಕೊಟ್ಟ ಪ್ರಸಾದ ತಿಂದು ಬಂದೆ.

ಅಮ್ಮನಿಗೆ ಹೇಗೆ ಹೇಳುವುದೆಂದು ಜಯನಗರದ ಮೂರನೇ ಬ್ಲಾಕಿನಲ್ಲಿ ಸುಮ್ಮನೆ ಎರಡು ಸುತ್ತು ಹೊಡೆದೆ. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿತ್ತು. ಬೀದಿಯವರಿಗೆಲ್ಲ ಗಾಡಿ ಕೊಡಿಸಿದವನು ಅಮ್ಮನನ್ನು ಒಂದು ಮದುವೆಗೆ ಕರೆದುಕೊಂಡು ಹೋಗಲಾರದೆ ಹೋದೆನಲ್ಲ ಎನಿಸಿತು. ಮನೆಗೆ ಬಂದರೆ ಅಮ್ಮ ಫೋನಿನಲ್ಲಿ ನಗುತ್ತಿದ್ದರು. ಆ ಕಡೆ ಗೌರಮ್ಮನವರು. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಮದುವೆಯ ದಿನ ಗಾಡಿ ಕಳಿಸುವುದಷ್ಟೇ ಅಲ್ಲ, ಗೌರಮ್ಮನವರೇ ಜೊತೆಗೆ ಬರುವುದಾಗಿ ತೀರ್ಮಾನವೂ ಆಗಿತ್ತು. "ಬೇಡಮ್ಮ, ಕೊಡಲ್ಲ ಅಂದವರ ಗಾಡೀಲಿ ಹೋಗೋದು ನಮಗೆ ಮರ್ಯಾದೆಯಲ್ಲ" ಎಂದೆ. "ನಿನ್ನ ಮರ್ಯಾದೆ ನೀನು ನೋಡ್ಕೋ, ನನ್ನ ಮಂಡಿ ನಾನು ನೋಡ್ಕೋತೀನಿ" ಎಂದು ಅಮ್ಮ ಬೀರುವಿನಿಂದ ರೇಷ್ಮೆ ಸೀರೆ ತೆಗೆಯಲು ಹೋದರು.

ಮದುವೆಯ ದಿನ ನಾನು, ವಿಮಲಾ ನಮ್ಮ ಪುಟ್ಟ ಕಾರಿನಲ್ಲಿ ಮುಂಚೆಯೇ ಹೋಗಿ ಮಂಟಪದ ಬಾಗಿಲಲ್ಲಿ ಕಾದಿದ್ದೆವು. ಮುತ್ತಿನ ಬಣ್ಣದ ಗಾಡಿ ಮೆಲ್ಲಗೆ ಬಂದು ನಿಂತಿತು. ಪನ್ನೀರು ಚಿಮುಕಿಸುವವರು ಕೂಡ ತಿರುಗಿ ನೋಡಿದರು. ಪ್ರಭಾಕರ್ ಇಳಿದು ಬಂದು ಮಣೆ ಇಟ್ಟರು. ಅಮ್ಮ ಕಾಲು ಹೊರಗೆ ತೆಗೆದು, ಮಣೆಯ ಮೇಲೆ ನಿಂತು, ಸೆರಗು ಸರಿಮಾಡಿಕೊಂಡು, ಯಾರ ಕೈಯನ್ನೂ ಹಿಡಿಯದೆ ಇಳಿದು ನಡೆದರು, ಹಿಂದೆಯೇ ಗೌರಮ್ಮನವರು. ಅಮ್ಮನ ತಮ್ಮ ಓಡಿಬಂದು "ಅಕ್ಕಾ" ಎಂದು ಕಾಲಿಗೆ ಬಿದ್ದರು. ನನಗೆ ಗಾಡಿ ಯಾರದಾದರೇನು ಎನಿಸಿತು. ಅಮ್ಮ ಮುಂದಿನ ಸಾಲಿನಲ್ಲಿ ಕೂತು, ಗಾಡಿ ನಿಮ್ಮ ಮಗನದಾ ಎಂದು ಕೇಳಿದವರಿಗೆಲ್ಲ, ಅವನು ಕೊಳ್ಳಲು ಹೋದದ್ದು, ತಿಂಗಳು ಪೂರ್ತಿ ಹೊಗಳಿದ್ದು, ಅವರು ಮಾರದೆ ಉಳಿಸಿಕೊಂಡದ್ದು ಎಲ್ಲವನ್ನೂ ವಿವರವಾಗಿ ಹೇಳಿದರು. ವಾಲಗದ ಸದ್ದಿನಲ್ಲಿ ಕೇಳಿಸಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಊಟದ ಹೊತ್ತಿಗೆ ಕಥೆ ಪಂಕ್ತಿ ಪೂರ್ತಿ ಹರಡಿತ್ತು. ನನ್ನ ಚಿಕ್ಕಮ್ಮನ ಸೊಸೆ ಶಾರದಾ ಪಾಯಸದ ಲೋಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು, ಗಂಡ ದೂರದಲ್ಲಿರುವುದನ್ನು ಖಚಿತ ಮಾಡಿಕೊಂಡು, ದನಿ ತಗ್ಗಿಸಿದಳು. "ಭಾವ, ನಮ್ಮನೆಯವರು ನಮ್ಮ ಕಾರು ಮಾರಿಬಿಡ್ತೀನಿ ಅಂತ ಕೂತಿದ್ದಾರೆ. ನನಗೆ ಒಂಚೂರೂ ಇಷ್ಟ ಇಲ್ಲ. ದಯವಿಟ್ಟು ಒಂದು ಭಾನುವಾರ ಬಂದು ನೀವು ಅದನ್ನ ಕೊಳ್ಳೋಕೆ ನೋಡಿ." ನಾನು ಆಗಲಿ ಎಂದೆ. ಆದರೆ ಬೆಳಿಗ್ಗೆ ಬೇಗ ಬರುತ್ತೇನೆ, ನಾನು ಬರುವ ತನಕ ಯಾರೂ ಸ್ಟಾರ್ಟ್ ಮಾಡಬಾರದು, ಎಂಜಿನ್ ತಣ್ಣಗಿರುವಾಗ ನೋಡದಿದ್ದರೆ ಪರೀಕ್ಷೆ ಸರಿಯಾಗಿ ಆಗುವುದಿಲ್ಲ ಎಂದೂ ಹೇಳಿದೆ.