ನಾರಾಯಣಕ್ಕೆ ಮುಗಿಯಬೇಕಿದ್ದ ಫೋಟೋ

ಕ್ಯಾಮೆರಾ ಎದುರು ಕೂತವರು ಎಡವಟ್ಟು ಮಾಡುವುದು ಇದ್ದದ್ದೇ. ಹಿಂದೆ ನಿಂತವರೂ ಕಡಿಮೆಯಿಲ್ಲವೆಂದು ನನಗೆ ತಿಳಿದದ್ದು ಪುಣೆಯ ಸದಾಶಿವ ಪೇಠೆಯಲ್ಲಿ, ಕಾಕಾನ ಫೋಟೋ ಸ್ಟುಡಿಯೋದಲ್ಲಿ. ಹುಡುಗಿಯರ ಇಂಗ್ಲಿಷ್ ಶಾಲೆಗೆಂದು ಅಪ್ಪ ನನ್ನನ್ನು ಧಾರವಾಡದಿಂದ ತಂದು ಅವನ ಮನೆಯಲ್ಲಿ ಬಿಟ್ಟಿದ್ದ. ಶಾಲೆ ಮುಗಿದ ಮೇಲೆ, ಫೋಟೋ ಮೂಡುವ ಗಾಜಿನ ಪ್ಲೇಟಿನ ಡಬ್ಬಿಯಲ್ಲಿರುವ ಇಂಗ್ಲಿಷ್ ಚೀಟಿ ಓದಿ ಹೇಳುವ ಕೆಲಸ ನನಗೆ ಬಂತು. ಚೀಟಿಯ ಸಾರ ಇಷ್ಟೇ: ಬೆಳಕು ಕಡಿಮೆಯಿದ್ದರೆ ಕ್ಯಾಮೆರಾದ ಮುಚ್ಚಳವನ್ನು ಹೆಚ್ಚು ಹೊತ್ತು ತೆಗೆದಿಡಬೇಕು, ಮಸೂರದ ಕಿಂಡಿಯನ್ನು ಒಂದು ಗುರುತು ಕಿರಿದು ಮಾಡಿದರೆ ಹೊತ್ತು ಎರಡರಷ್ಟು.

ನನಗೋ ಕ್ಯಾಮೆರಾ ಮುಟ್ಟುವ ಆಸೆ. ಆದರೆ ಯುದ್ಧದ ದಿನಗಳು, ಪ್ಲೇಟು ಸಿಗುವುದೇ ಕಷ್ಟ. “ಮುಟ್ಟು. ಒಂದ ಪ್ಲೇಟು ಕೆಡಿಸಿದ್ಯೋ, ಮತ್ತ ಈ ಜನ್ಮದಾಗ ಮುಟ್ಟಬ್ಯಾಡ” ಎಂದಿದ್ದ ಕಾಕಾ.

೧. ನಾಲ್ಕು ಕೈ

ಕಾಕಾ ಗಡಿಯಾರ ನೋಡುತ್ತಿರಲಿಲ್ಲ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಸಂಧ್ಯಾವಂದನೆಯ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಿದ್ದ: ಕೇಶವ, ನಾರಾಯಣ, ಮಾಧವ... ಹೆಸರಿಗೊಂದು ಸೆಕೆಂಡು. ನಾರಾಯಣ ಎಂದರೆ ಎರಡು, ಅನಿರುದ್ಧ ಎಂದರೆ ಹದಿನಾರು.

ಒಂದು ಮೋಡದ ದಿನ ಶಾಸ್ತ್ರಿಗಳೊಬ್ಬರು ಹೆಂಡತಿಯೊಡನೆ ಬಂದು ಕುರ್ಚಿಯಲ್ಲಿ ಕೂತರು. ಕಾಕಾ “ಕೇಶವ” ಎಂದ. ಶಾಸ್ತ್ರಿಗಳ ಬಲಗೈ ತಾನಾಗಿ ಬಟ್ಟಲಾಗಿ ಬಾಯಿಗೆ ಹೋಯಿತು. ಜೀವಮಾನದ ಆಚಮನದ ರೂಢಿ! “ಗೋವಿಂದ”ಕ್ಕೆ ಕೈ ತೊಳೆದರು, “ಮಧುಸೂದನ”ಕ್ಕೆ ತುಟಿ ಒರೆಸಿದರು. ಕಾಕಾನ ಕಣ್ಣು ಮುಚ್ಚಿತ್ತು. ಅಷ್ಟು ಹಿರಿಯರಿಗೆ ಅಲುಗಬೇಡಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಫೋಟೋದಲ್ಲಿ ಶಾಸ್ತ್ರಿಗಳಿಗೆ ನಾಲ್ಕು ಕೈ. ಹೆಂಡತಿ ನೋಡಿ, “ಎರಡ ಇದ್ದಾಗ ಮನ್ಯಾಗ ಒಂದ ಕಡ್ಡಿ ಎತ್ತಿಡಲಿಲ್ಲ. ಈಗ ನಾಲ್ಕಾದ್ವು, ನೋಡೂಣು” ಎಂದರು.

೨. ಊಟದ ಮೇಲೆ

ಹಸಿದಾಗ ಕಾಕಾನ ಬಾಯಲ್ಲಿ ಕೇಶವ ನಾರಾಯಣರು ಓಡುತ್ತಿದ್ದರು. ಉಂಡ ಮೇಲೆ ಒಬ್ಬೊಬ್ಬರೂ ತೂಕಡಿಸುತ್ತ ಬರುತ್ತಿದ್ದರು. ಹೀಗಾಗಿ ಬೆಳಗಿನ ಫೋಟೋ ಕಪ್ಪು, ಮಧ್ಯಾಹ್ನದ್ದು ಬಿಳುಪು. ಗುಟ್ಟು ಪೇಠೆಗೆಲ್ಲ ಗೊತ್ತಾಯಿತು. ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರು ಬಾಗಿಲಲ್ಲೇ ಕೇಳುತ್ತಿದ್ದರು: “ಜೇವಣ ಝಾಲಂ ಕಾ?” ಊಟವಾಯಿತೇ ಎಂದು ಇಷ್ಟು ಕಕ್ಕುಲಾತಿಯಿಂದ ವಿಚಾರಿಸುವ ಜನ ಬೇರೆಲ್ಲೂ ಇಲ್ಲವೆಂದು ಕಾಕಾ ಹೊಗಳುತ್ತಿದ್ದ.

ನನ್ನ ಫೋಟೋ ತೆಗೆದದ್ದು ಯುಗಾದಿಯ ಹೋಳಿಗೆ ಊಟದ ಮೇಲೆ. ಎರಡು ಕಣ್ಣು, ಒಂದು ಕುಂಕುಮ. ಮೂಗು ಇರಲೇ ಇಲ್ಲ. “ಇರ್ಲಿ ಬಿಡು, ಬಣ್ಣ ಬಂದದಲ್ಲ” ಎಂದು ಕಾಕಾನ ಹೆಂಡತಿ ಕಾಕು ಅದನ್ನೇ ಬೆಳಗಾವಿಗೆ, ನನಗೆ ನೋಡಿದ್ದ ವರನ ಕಡೆಯವರಿಗೆ ಕಳಿಸಿಬಿಟ್ಟಳು.

೩. ಹದಿನಾರು ಹೆಸರು

ಒಂದು ದಿನ ಕಾಕಾ ಹೊರಗೆ ಹೋಗಿದ್ದಾಗ ಕೋಟು ಹಾಕಿದ ಒಬ್ಬರು ಬಂದು ಫೋಟೋ ಬೇಕೆಂದರು. ಹೆಸರು, ಊರು ಬರೆದುಕೊಳ್ಳುವಾಗ ಗೊತ್ತಾಯಿತು: ಅದೇ ಬೆಳಗಾವಿಯ ವರ!

ಮುಖವೆತ್ತಿ ನೋಡುವ ಧೈರ್ಯ ನನಗೆಲ್ಲಿ? ಆದರೆ ಫೋಟೋ ತೆಗೆಯುವವಳು ನೋಡಲೇಬೇಕಲ್ಲ! ಒಳ್ಳೆಯ ಬಿಸಿಲಿತ್ತು, ಎರಡು ಸೆಕೆಂಡು ಸಾಕಿತ್ತು. ಎರಡು ಸೆಕೆಂಡಿನಲ್ಲಿ ಒಬ್ಬ ವರನನ್ನು ಹೇಗೆ ನೋಡುವುದು? ಕಿಂಡಿಯನ್ನು ಮೂರು ಗುರುತು ಕಿರಿದು ಮಾಡಿದೆ. ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು, ಎಂಟು ಹದಿನಾರಾಯಿತು. ಅವರು ಅಲುಗಿದರೆ ಪ್ಲೇಟು ಹೋಯಿತು, ಅದರ ಹಿಂದೆ ನನ್ನ ಕ್ಯಾಮೆರಾನೂ ಹೋಯಿತು. ಆದರೂ ಮುಚ್ಚಳ ತೆಗೆದೆ.

“ಕೇಶವ...” ಹುಬ್ಬು ದಪ್ಪ. “ಗೋವಿಂದ...” ಎಡಗಿವಿಯ ಹತ್ತಿರ ಮಚ್ಚೆ. “ಶ್ರೀಧರ...” ನಗು ತಡೆಯುತ್ತಿದ್ದಾರೋ ಹೇಗೆ? “ಅನಿರುದ್ಧ!” ಮುಚ್ಚಳ ಹಾಕಿದೆ. ಕಲ್ಲಿನ ಹಾಗೆ ಕೂತಿದ್ದರು. ಪ್ಲೇಟು ಉಳಿಯಿತು.

“ಇಷ್ಟ ಬಿಸಿಲಾಗ ನಾರಾಯಣಕ್ಕ ಮುಗೀಬೇಕಿತ್ತಲ್ಲರೀ?” ಎಂದರು. “ನನ್ನ ಕಡೇನೂ ಒಂದು ಕ್ಯಾಮೆರಾ ಅದ.”

ನನ್ನ ಕಿವಿ ಬಿಸಿಯಾಯಿತು. “ಹಿಂದಿನ ಪರದೀನೂ ನಿಚ್ಚಳ ಬರ್ಲಿ ಅಂತ ಕಿಂಡಿ ಸಣ್ಣದು ಮಾಡಿದೆ...”

“ಇರ್ಲಿ. ನಮ್ಮ ಮನೀಗೆ ಒಂದು ಹುಡುಗಿ ಫೋಟೋ ಬಂದದ, ಬೆನ್ನಿಗೆ ನಿಮ್ಮ ಸ್ಟುಡಿಯೋ ಶಿಕ್ಕಾ ಒತ್ಯಾರ. ಮುಚ್ಚಳ ಭಾಳ ಹೊತ್ತು ತಗದಿಟ್ಟಾರ, ಮೂಗು ಹಾರಿ ಹೋಗೇದ. ಖರೇನ ಮೂಗು ಅದನೋ ಇಲ್ಲೋ ನೋಡಿ ಹೋಗೂಣು ಅಂತ ಬಂದೆ. ಹದಿನಾರು ಸೆಕೆಂಡು ನಾನೂ ನೋಡಿದೆ. ಮೂಗು ಅದರೀ.”

ಓಡಿಹೋಗೋಣವೆಂದರೆ ಬಾಗಿಲ ಕಡೆ ಅವರೇ ಇದ್ದರು. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ, ಏನೋ ಸರಿಮಾಡುವವಳ ಹಾಗೆ ನಿಂತೆ.

ಆಮೇಲೆ ಮೆಲ್ಲಗೆ ಕೇಳಿಸಿತು:

“ಮುಚ್ಚಳ ಹಾಕೇ ಅದರೀ. ತಗದು ನೋಡ್ರಿ, ನಾ ಇಲ್ಲೇ ಕೂತೀನಿ.”