ನನ್ನವಳ ದಿಂಬಿನಂಗಡಿಯ ವಿಶ್ವಪರ್ಯಟನೆ

ನನ್ನವಳ ದಿಂಬಿನಂಗಡಿಯನ್ನು ಜಗದ್ವಿಖ್ಯಾತ ಮಾಡದಿದ್ದರೆ ನಾನು ಆಡಿಟರೇ ಅಲ್ಲ! ಹೀಗೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಕುರ್ಚಿದಿಂಬು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ; ಆದರೆ ಕೊಳ್ಳುವವರೂ ಇರಲಿಲ್ಲ. ಹೀಗೇ ಆದರೆ ಅಂಗಡಿ ಮುಚ್ಚುವುದೇ ಗತಿ ಎಂದು ಅವಳು ಕಂಗಾಲಾಗಿದ್ದಳು. ನಾನೋ, ಊರವರ ಲೆಕ್ಕದಲ್ಲಿ ಹುಳುಕು ಹುಡುಕಿ ಹೊಟ್ಟೆ ಹೊರೆಯುವವನು. ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿರಲಿಲ್ಲ!

ಅಂಗಡಿಗೊಂದು ವೆಬ್‌ಸೈಟ್ ಮಾಡಿಸಿದೆ. ಮರುದಿನವೇ ಇಮೇಲ್: "ವಿಶ್ವದ ಏಕೈಕ ಅಂಗಡಿಪಟ್ಟಿ 'ಸರ್ವದರ್ಶಿ ಡೈರೆಕ್ಟರಿ'ಗೆ ನಿಮ್ಮ ವೆಬ್‌ಸೈಟ್ ಆಯ್ಕೆಯಾಗಿದೆ. ಶುಲ್ಕ ಕಟ್ಟಿ, ಗಿರಾಕಿಗಳ ನೂಕುನುಗ್ಗಲಿಗೆ ಸಿದ್ಧರಾಗಿ!" ಕಟ್ಟಿದೆ. ಸ್ವಲ್ಪ ದಿನಕ್ಕೆ ಇನ್ನೊಂದು: "ಅದು ನಕಲಿ, ಮೋಸಹೋಗಬೇಡಿ. ನಾವೇ 'ಅಸಲಿ ಸರ್ವದರ್ಶಿ'." ಮೊದಲಿನದೇ ನೀಲಿ ಪುಟ, ಫೋಟೋದಲ್ಲಿ ಕೋಟು ತೊಟ್ಟು ನಗುವ ಅದೇ ಮನುಷ್ಯ! ಆಡಿಟರ್ ಬುದ್ಧಿ ಚುರುಕಾಯಿತು. ಎರಡಕ್ಕೂ ಕಟ್ಟಿಬಿಟ್ಟರೆ ಒಂದಾದರೂ ಅಸಲಿ ಇರಲೇಬೇಕಲ್ಲ? ಆಮೇಲೆ 'ಅಪ್ಪಟ ಅಸಲಿ ಸರ್ವದರ್ಶಿ' ಬಂತು. ಅದರ ಹಿಂದೆಯೇ 'ಅಪ್ಪಟಕ್ಕಿಂತ ಅಪ್ಪಟ'. ಒಟ್ಟು ಏಳಾದವು; ಏಳಕ್ಕೂ ಕಟ್ಟಿದೆ.

"ಏನ್ರೀ ಇದು, ಹೊಳೇಲಿ ಹುಣಸೆಹಣ್ಣು ತೊಳೆದಂಗೆ?"

"ಹೂಡಿಕೆ ಕಣೇ! ಏಳು ಕಂಪನಿ! ಏಳು ಲೋಕದಲ್ಲೂ ನಿನ್ನ ದಿಂಬು!"

"ಮೊದ್ಲು ಈ ಬೀದಿಯೋರು ಕೂತ್ರೆ ಸಾಕು."

ಫೋನು ಬಡಿದುಕೊಳ್ಳತೊಡಗಿತು. ಮೀಸೆ ತಿರುವಿದೆ! ಆದರೆ ಕರೆದವರೆಲ್ಲ ಡೈರೆಕ್ಟರಿಯವರೇ. ನಮ್ಮ ಅಂಗಡಿಯನ್ನು ಮೇಲಿನ ಸಾಲಿಗೆ ಏರಿಸಲು ಮತ್ತಷ್ಟು ಶುಲ್ಕ ಕೇಳುವವರು. ಒಂದು ಮಧ್ಯಾಹ್ನ ಫೋನು ನನ್ನವಳ ಕೈಗೆ ಸಿಕ್ಕಿತು.

"ಶುಲ್ಕದ ಮಾತು ಆಮೇಲೆ. ನೀವ್ಯಾಕೆ ಮಾತಿಗೊಂದ್ಸಲ 'ಅಯ್ಯಮ್ಮಾ' ಅಂತೀರಾ? ಸೊಂಟ ನೋವಾ?"

ಅತ್ತಲಿಂದ ಗೋಳೋ ಗೋಳು. ಮಾತು ಮುಗಿಯುವಷ್ಟರಲ್ಲಿ ಅವನಿಗೊಂದು ಕುರ್ಚಿದಿಂಬು ಮಾರಿಯಾಗಿತ್ತು. ವಿಳಾಸ ನಮ್ಮ ಹಿಂದಿನ ಬೀದಿಯ ಕಟ್ಟಡವೊಂದರದು.

"ಕಂಡೆಯಾ ನನ್ನ ಡೈರೆಕ್ಟರಿ ಮಹಿಮೆ!" ಎಂದೆ. "ಇನ್ನು ಏಳು ಕಂಪನಿಯ ನೌಕರರೂ ನಿನ್ನ ದಿಂಬಿನ ಮೇಲೇ ಕೂರೋದು. ಅಂಗಡೀಲಿರೋದನ್ನೆಲ್ಲ ಗಂಟು ಕಟ್ಟು!"

ಆ ಕಟ್ಟಡದ ಮೂರನೆಯ ಮಹಡಿಯವರೆಗೂ ಇಬ್ಬರೂ ಗಂಟು ಎಳೆದೆವು. "ನೀನು ಇಲ್ಲೇ ಮೆಟ್ಟಿಲ ಹತ್ರ ಇರು. ಕಂಪನಿ ವ್ಯವಹಾರ ನಿನಗೆ ತಿಳಿಯಲ್ಲ," ಎಂದು ಅವಳನ್ನು ಬಿಟ್ಟು, ಒಂದೇ ದಿಂಬು ಹಿಡಿದು ಒಳನುಗ್ಗಿದೆ.

ಒಂದು ಕೋಣೆ. ಒಂದು ಮೇಜು. ಅದರ ಮೇಲೆ ಏಳು ಫೋನು. ಒಂದೇ ಕುರ್ಚಿಯಲ್ಲಿ, ಸೊಂಟ ಹಿಡಿದುಕೊಂಡು ಒಬ್ಬನೇ ಒಬ್ಬ!

"ಮಿಕ್ಕ ಆರು ಕಂಪನಿ ಎಲ್ಲಿ?" ಎಂದು ಗುಡುಗಿದೆ.

ಅವನು ದಿಂಬನ್ನು ನೋಡಿದ, ನನ್ನನ್ನು ನೋಡಿದ, ಗದ್ಗದಿತನಾಗಿ ಕೈ ಹಿಡಿದುಕೊಂಡ. "ದಿಂಬಿನಂಗಡಿ ಸಾರ್! ನೀವೇನಾ? ಏಳೂ ಕಂಪನಿಗೆ ಇರೋ ಒಬ್ಬರೇ ಗಿರಾಕಿ ಸಾರ್ ನೀವು! ದಯವಿಟ್ಟು ಕೈಬಿಡಬೇಡಿ!"

ಅಷ್ಟರಲ್ಲಿ ಬರಿಗೈಯಲ್ಲಿ ನನ್ನವಳು ಒಳಬಂದಳು.

"ಮುಗೀತೇನ್ರೀ ನಿಮ್ಮ ವ್ಯವಹಾರ? ಗಂಟು ಖಾಲಿ. ಕೆಳಗಿನ ಆಫೀಸಿನೋರು ಇನ್ನೂ ಬೇಕು ಅಂತಿದಾರೆ."

"ಎಲ್ಲಾ ಮಾರಿದೆಯಾ? ಹೇಗೆ?"

"ಬಾಗಿಲು ತಟ್ಟಿದೆ. ಅದಕ್ಕೆ ಶುಲ್ಕ ಇಲ್ಲ."